ಕೊರಳಪಟ್ಟಿಯ ಬ್ರೇಕು

ಭಾಲ್ಕಿ, ಫಸಲಿ ಸನ್ ೧೩೪೧ (ಇಂಗ್ರೇಜಿ ೧೯೩೨)

ಅಪ್ಪಾ,

ನೀವು ತೀರಿಕೊಂಡು ಐದು ತಿಂಗಳಾಯಿತು. ಆದರೂ ಇದನ್ನು ನಿಮಗಲ್ಲದೆ ಇನ್ನಾರಿಗೂ ಹೇಳಲಾರೆ. ಅಕ್ಷರ ಸೊಟ್ಟಗಾದರೆ ಬೈಯಬೇಡಿ.

ನೀವಿದ್ದಾಗಲೇ ಔರಾದದಲ್ಲಿ ನಿಮ್ಮ ಎತ್ತುಗಳನ್ನು ಮಾರಿ ನಾನು ತಂದ ಹಳೆಯ ಪುಟ್ಟ ಮೋಟಾರು ನೆನಪಿದೆಯಲ್ಲ, ಅದರ ಬ್ರೇಕಿನ ಪಟ್ಟಿ ಸವೆದುಹೋಗಿತ್ತು. ಹೊಸದನ್ನು ಹೈದರಾಬಾದಿನಿಂದ ತರಿಸುವ ಶಕ್ತಿ ನನಗಿರಲಿಲ್ಲ. ಬೀದರಿನ ಮಿಸ್ತ್ರಿ ಗೌಸೋದ್ದೀನ, ಮನೆಯಲ್ಲೇ ಉಳಿದಿದ್ದ ಎತ್ತುಗಳ ಚರ್ಮದ ಕೊರಳಪಟ್ಟಿಗಳ ಗೆಜ್ಜೆ ಬಿಚ್ಚಿ, ಅವನ್ನೇ ಕತ್ತರಿಸಿ ಹಿಂದಿನ ಗಾಲಿಗಳ ಬ್ರೇಕಿಗೆ ಸುತ್ತಿ ಬಿಗಿದುಕೊಟ್ಟ.

ಇವತ್ತು ಬೆಳಿಗ್ಗೆ ಅವ್ವನನ್ನು ಕೂಡಿಸಿಕೊಂಡು ಬೀದರಿನಿಂದ ಭಾಲ್ಕಿಗೆ ಹೊರಟೆ. ಹೊರಡುವ ಮೊದಲು ಆ ಪಟ್ಟಿಗಳಿಗೆ ಔಡಲೆಣ್ಣೆ ಸವರಿದೆ. ಬಂಡಿ ಹೂಡುವಾಗೆಲ್ಲ ನೀವು ಹೇಳುತ್ತಿದ್ದಿರಲ್ಲ, "ಒಣಗಿದ ಚರ್ಮ ಹರೀತದ, ಎಣ್ಣಿ ಹಚ್ಚೋ" ಎಂದು.

ಇಳಿಜಾರಿನಲ್ಲಿ ಬ್ರೇಕು ಒತ್ತಿದೆ. ಮೋಟಾರು ನಿಲ್ಲಲಿಲ್ಲ, ಇನ್ನೂ ಜೋರಾಯಿತು. ಪಕ್ಕದಲ್ಲೇ ಕಮರಿ. "ವೈಜಿನಾಥಾ, ನಿಂದರಸೋ!" ಎಂದು ಅವ್ವ ಚೀರಿದಳು. ನಾನು "ಹೋ, ರಾಜಾ, ಹೋ!" ಎಂದು ನಿಮ್ಮ ಬಲಗಡೆಯ ಎತ್ತಿನ ಹೆಸರು ಕೂಗುತ್ತಿದ್ದೆ. ಕೊನೆಗೆ ಕೆಳಗಿನ ಹೊಲದ ಜೋಳದ ಕಣಕಿ ಬಣವೆಗೆ ನುಗ್ಗಿ ನಿಂತೆವು. ಅವ್ವನ ಮೊಣಕೈ ತರಚಿದೆ, ಅಷ್ಟೆ.

ಸುದ್ದಿ ತಿಳಿದು ಬಂದ ಗೌಸೋದ್ದೀನ ಪಟ್ಟಿ ಮುಟ್ಟಿ ಬೆರಳು ಮೂಸಿದ.

"ಬ್ರೇಕಿಗಿ ಎಣ್ಣಿ ಯಾರ್ ಹಚ್ಯಾರ್ರಿ? ಎಣ್ಣಿ ಹಚ್ಚಿದ್ರ ಜಾರ್ತದ, ಹಿಡ್ಯಂಗಿಲ್ಲ."

"ನಮ್ಮಪ್ಪ" ಎಂದುಬಿಟ್ಟೆ.

ಅವ್ವ ನನ್ನ ಮುಖ ನೋಡಿದಳು. ಎತ್ತು ಮಾರಿದ ದಿನ ನೀವೂ ಹೀಗೆಯೇ ನೋಡಿದ್ದಿರಿ.