ಬೀಸಣಿಗೆ ಹಿಡಿದವಳಿಗೂ ಸೆಕೆ

ಮೇಕನ್, ಜಾರ್ಜಿಯಾ
ಸೋಮವಾರ, 4 ಜೂನ್ 2018

ಪ್ರೀತಿಯ ಟಿಲ್ಲಿ,

ಹೇಗಿದ್ದೀಯೇ? ಕ್ರಿಸ್‌ಮಸ್ ಕಾರ್ಡಿನಲ್ಲಿ ಬರೆದಿದ್ದ ಮಂಡಿನೋವು ಈಗ ಇಳಿಯಿತೇ? ನಿಮ್ಮ ಟಕೋಮಾದಲ್ಲಿ ಇನ್ನೂ ಸ್ವೆಟರ್ ಹಾಕುತ್ತೀರಂತೆ, ಇಲ್ಲಿ ಬೆಳಗಿನ ಎಂಟಕ್ಕೇ ಕಾರಿನ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ನನ್ನ ಬಿಪಿ ಇಳಿದಿದೆ, ನಾನು ಓಡಿಸುವ ಶಾಲೆಯ ಬಸ್ಸಿಗೆ ರಜೆ ಬಂದಿದೆ, ಪೀಚ್ ಹಣ್ಣು ಈ ವರ್ಷ ಬರೀ ಸಕ್ಕರೆ. ಅಮ್ಮನ ಅಂತ್ಯಕ್ರಿಯೆಯಾದ ಮೇಲೆ ಒಂಬತ್ತು ವರ್ಷ ನಮ್ಮಿಬ್ಬರ ನಡುವೆ ಕಾರ್ಡು ಬಿಟ್ಟರೆ ಮಾತಿಲ್ಲ. ಅಕ್ಕ ಬರೆದ ಮೊದಲ ಪತ್ರ ಇದು, ಹರಿದು ಹಾಕಬೇಡ. ಸುದ್ದಿ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ. ನಿನ್ನೆ ಚರ್ಚಿನಲ್ಲಿ ನಾನು ಅತ್ತುಬಿಟ್ಟೆ ಕಣೇ! ಹೌದು, ನಾನೇ, ಎಲ್ಲರ ಎದುರಿಗೆ, ಮೂಗು ಸೋರುವಷ್ಟು!

ಮೊದಲಿನಿಂದ ಹೇಳುತ್ತೇನೆ. ಫೆಬ್ರವರಿಯಲ್ಲಿ ಒಂದು ದಿನ ಮಕ್ಕಳನ್ನೆಲ್ಲ ಇಳಿಸಿದ ಮೇಲೆ ಬಸ್ಸಿನಲ್ಲಿ ನನ್ನ ಕೈ ನಡುಗತೊಡಗಿತು, ನಿಲ್ಲಲೇ ಇಲ್ಲ. ಡಾಕ್ಟರು ಹೃದಯವೆಲ್ಲ ನೋಡಿ, ಕೊನೆಗೆ ಕೌನ್ಸೆಲರ್ ಹತ್ತಿರ ಕಳಿಸಿದರು. ಹೆಸರು ಕಾಮಿಲ್, ನಮ್ಮವಳೇ, ಕಪ್ಪು ಹುಡುಗಿ, ಮಗಳ ವಯಸ್ಸು. ಅವಳ ಮುಂದೆ ಜಂಬ ಕೊಚ್ಚಿದೆ: ಇಪ್ಪತ್ತಾರು ವರ್ಷದಿಂದ ಚರ್ಚಿನಲ್ಲಿ ಬಂದವರನ್ನು ಕೂರಿಸಿ ನೋಡಿಕೊಳ್ಳುವ ಅಷರ್ ಆಗಿದ್ದೇನೆ, ಬಿಳಿ ಉಡುಪು, ಬಿಳಿ ಗ್ಲೌಸ್, ಯಾರು ಅತ್ತರೂ ಟಿಶ್ಯೂ ಕೊಟ್ಟು ಬೀಸಣಿಗೆ ಬೀಸುವವಳು ನಾನೇ, ಒಂದು ದಿನವೂ ನಿಂತ ಜಾಗ ಬಿಟ್ಟು ಕದಲಿಲ್ಲ ಎಂದು. ಅವಳು ಕೇಳಿದ್ದು ಒಂದೇ: "ಮತ್ತೆ ನಿಮ್ಗೆ ಬೀಸೋರು ಯಾರು, ಮಿಸ್ ವರ್ಡೆಲ್?" ಸಿಟ್ಟು ನೆತ್ತಿಗೇರಿತು. "ನಂಗ್ಯಾಕಮ್ಮ, ನಂಗೇನು ಸೆಕೆನಾ?" ಎಂದು ಎದ್ದು ಬಂದೆ. ಕಾರಿನಲ್ಲಿ ಎಷ್ಟು ಹೊತ್ತು ಕೂತೆನೋ, ಹಿಂದಿನ ಸೀಟಿನ ಐಸ್‌ಕ್ರೀಮ್ ಪೂರ್ತಿ ಕರಗಿತ್ತು. ಆದರೂ ಮುಂದಿನ ಗುರುವಾರ ಮತ್ತೆ ಹೋದೆ. ಈಗ ಶನಿವಾರ ಸಂಜೆ ಫೋನ್ ಆಫ್ ಮಾಡಿ ಟಬ್ಬಿನಲ್ಲಿ ಕೂರುತ್ತೇನೆ. ಕಳೆದ ತಿಂಗಳು ಚರ್ಚಿನವರು ಒಂದು ಸಾವಿನ ಊಟಕ್ಕೆ ಮ್ಯಾಕರೋನಿ ಮಾಡಿಕೊಡು ಎಂದಾಗ, ಆಗುವುದಿಲ್ಲ ಎಂದುಬಿಟ್ಟೆ! ಬೇರೆ ಯಾರೋ ಮಾಡಿದರು. ಒಣಗಿತ್ತಂತೆ, ಆದರೂ ತಿಂದರಂತೆ.

ನಿನ್ನೆ ಚರ್ಚಿನ ಏಸಿ ಕೆಟ್ಟಿತ್ತು. ಗಾಯಕರು ಅಮ್ಮನ ಇಷ್ಟದ ಹಾಡು ಎತ್ತಿಕೊಂಡರು. ನಾನು ಎಡಗೈ ಬೆನ್ನಹಿಂದೆ ಇಟ್ಟು ಬೆಂಚುಗಳ ನಡುವಿನ ದಾರಿಯಲ್ಲಿ ನಿಂತಿದ್ದೆ, ಎದುರಿಗೇ ಮೂರನೇ ಸಾಲು, ಅಮ್ಮನ ಜಾಗ. ಅಳು ಒತ್ತರಿಸಿ ಬಂತು. ಬೇರೆಯವರು ಬಂದು ಬಿಡಿಸುವವರೆಗೆ ಅಷರ್ ಜಾಗ ಬಿಡುವಂತಿಲ್ಲ, ನಿನಗೆ ಗೊತ್ತಲ್ಲ. ಬಲಗೈಯನ್ನು ಎದೆಗೆ ಅಡ್ಡ ಇಟ್ಟು, ನನ್ನನ್ನು ಬಿಡಿಸಿ ಎಂಬ ಸನ್ನೆ ಮಾಡಿದೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ! ನಮ್ಮ ಅಷರ್‌ಗಳ ಮುಖ್ಯಸ್ಥೆ ಸಿಸ್ಟರ್ ಮೋಜೆಲ್ ನಂಬಬೇಕಲ್ಲ. ನನ್ನ ಹತ್ತಿರ ಯಾರೋ ಮೂರ್ಛೆ ಹೋದರೆಂದು ನೀರು, ನಾಲ್ಕು ಬೀಸಣಿಗೆ ಹಿಡಿದು ಓಡಿಬಂದಳು. "ಎಲ್ಲೇ? ಯಾರೇ ಬಿದ್ದಿದ್ದು?" "ನಾನೇ ಕಣೇ" ಎಂದೆ. ಇನ್ನೊಬ್ಬಳನ್ನು ನನ್ನ ಜಾಗಕ್ಕೆ ನಿಲ್ಲಿಸಿ, ನನ್ನನ್ನು ಅಮ್ಮನ ಸಾಲಿನಲ್ಲಿ ಕೂರಿಸಿ, ತನ್ನ ವಿಗ್ ಓರೆಯಾಗುವಷ್ಟು ಜೋರಾಗಿ ಬೀಸಿದಳು! "ಅಳವ್ವ, ಅಳು. ನಿಂಗೊಂದ್ಸಲ ಬೀಸ್ಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೆ" ಎಂದಳು. ಅಯ್ಯೋ ಟಿಲ್ಲಿ, ಎಷ್ಟು ಹಗುರವಾಯಿತು! ಮನೆಗೆ ಬಂದು ಪೀಚ್ ಕಾಬ್ಲರ್ ಸಿಹಿಯನ್ನು ಎರಡು ಸಲ ಹಾಕಿಕೊಂಡು ತಿಂದೆ.

ನಿನ್ನ ಗಂಡ ಕರ್ಟಿಸ್‌ಗೆ ನಾನು ಕೇಳಿದೆನೆಂದು ಹೇಳು. ದೇವರು ನಿನ್ನ ಮನೆಯನ್ನೂ ಮಂಡಿಯನ್ನೂ ಕಾಯಲಿ.

ನಿನ್ನ ಅಕ್ಕ,
ವರ್ಡೆಲ್

ಮರೆತ ಮಾತು: ಮರೆತಿರಲಿಲ್ಲ, ಧೈರ್ಯ ಬಂದಿರಲಿಲ್ಲ. ಅಮ್ಮನ ಶವಪೆಟ್ಟಿಗೆಯ ಮುಂದೆ ನೀನು ಕುಸಿದು ಅಳುವಾಗ ನಾನು ಪಕ್ಕದಲ್ಲಿ ಕೂರಲಿಲ್ಲ, ಗ್ಲೌಸ್ ಹಾಕಿ ನಿಂತಿದ್ದೆ. ನಿನಗೆ ಬೀಸುತ್ತಾ ಕಿವಿಯಲ್ಲಿ, "ಸಾಕು, ನೆಟ್ಟಗೆ ಕೂರು, ನಮ್ಮನೆ ಹೆಂಗಸ್ರು ಹಿಂಗೆಲ್ಲ ಅಳಲ್ಲ" ಎಂದೆ. ಅವತ್ತು ಹೋದವಳು ನೀನು ಮತ್ತೆ ಈ ಊರಿಗೆ ಕಾಲಿಡಲಿಲ್ಲ. ತಪ್ಪು ನನ್ನದು. ನನ್ನ ಅಳುವಿಗೆ ಹೆದರಿ ನಿನ್ನ ಬಾಯಿ ಮುಚ್ಚಿಸಿದೆ. ಆಗಸ್ಟ್ ಹನ್ನೆರಡು, ಅಮ್ಮನ ಹುಟ್ಟುಹಬ್ಬ, ಭಾನುವಾರ ಬಿದ್ದಿದೆ. ಅವತ್ತು ನಾನು ನಿಲ್ಲುವುದಿಲ್ಲ, ಮೂರನೇ ಸಾಲಿನಲ್ಲಿ ಕೂರುತ್ತೇನೆ. ಪಕ್ಕದ ಜಾಗಕ್ಕೆ ನನ್ನ ಗ್ಲೌಸ್ ಇಟ್ಟು ಕಾದಿರಿಸುತ್ತೇನೆ. ಬರುತ್ತೀಯಾ? ಇಬ್ಬರೂ ಅಳೋಣ, ಬೀಸುವುದನ್ನು ಮೋಜೆಲ್ ನೋಡಿಕೊಳ್ಳುತ್ತಾಳೆ.