ಎರಡನೆಯ ಪದ ಅಪ್ಪನದು

ನಿಮ್ಮ ಮೇಜಿನಿಂದ,
ಸೋಮವಾರ, ಊಟವಾದ ಮೇಲೆ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ನಿದ್ದೆ ಸರಿಯಾಗಿ ಬರುತ್ತಿದೆಯೇ? ಬಲಗಾಲಿನ ಊತ ಇಳಿಯಿತೇ? ನೀವು ಬಾಯಿಬಿಟ್ಟು ಉತ್ತರ ಹೇಳಲಾರಿರಿ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಕ್ಷೇಮ ವಿಚಾರಿಸದೆ ಕಾಗದ ಶುರು ಮಾಡಿದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವವರಲ್ಲವೇ ನೀವು. ಇದನ್ನು ನಿಮಗೆ ಓದಿ ಹೇಳುತ್ತಿರುವ ಸಿಸ್ಟರ್‌ಗೂ ನಮಸ್ಕಾರ. ಸಿಸ್ಟರ್, ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಬೇಜಾರು ಮಾಡಿಕೊಳ್ಳಬೇಡಿ. ಅಮ್ಮ ಚೆನ್ನಾಗಿದ್ದಾಳೆ. ಅಂದರೆ, ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯುತ್ತಾಳೆ, ಏನು ಕೇಳಿದರೂ "ಗುರುವಾರ ಕಳೀಲಿ" ಅನ್ನುತ್ತಾಳೆ.

ಗುರುವಾರದ ವಿಷಯವನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಪಾರ್ಶ್ವವಾಯು ಬಡಿದಾಗಿನಿಂದ ನಿಮಗೆ ಮಾತು ಕಲಿಸುತ್ತಿರುವ ಡಾಕ್ಟರಮ್ಮ ಅವತ್ತು ಕೊನೆಯ ಸಲ ಪರೀಕ್ಷೆ ಮಾಡುತ್ತಾರಂತೆ. ನಿಮ್ಮ ಬಾಯಿಂದ ಒಂದು ಪದವಾದರೂ ಹೊರಬಿದ್ದರೆ ಪಾಠ ಮುಂದುವರಿಯುತ್ತದೆ. ಇಲ್ಲದಿದ್ದರೆ ನಿಲ್ಲಿಸಿ ನಿಮ್ಮನ್ನು ಮೇಲಿನ ಮಹಡಿಗೆ ಕಳಿಸುತ್ತಾರೆ. ಆ ಮಹಡಿಯನ್ನು ನಾನು ಹೋಗಿ ನೋಡಿದೆ. ಸ್ವಚ್ಛವಾಗಿದೆ, ಕಿಟಕಿಗಳು ದೊಡ್ಡವು, ಹೊದಿಕೆಗಳೂ ಹೊಸವು. ಆದರೆ ಅಲ್ಲಿ ಯಾರೂ ಯಾರಿಗೂ ಏನನ್ನೂ ಕಲಿಸುವುದಿಲ್ಲ. ನನಗೆ ತುಂಬಾ ಭಯವಾಗಿದೆ, ಅಪ್ಪಾ. ಪರೀಕ್ಷೆಯ ದಿನ ಮನೆಯವರನ್ನು ಒಳಗೆ ಬಿಡುವುದಿಲ್ಲವಂತೆ, ಮುಂದಿನ ಭೇಟಿ ಭಾನುವಾರವೇ. ಅದಕ್ಕೇ ಈ ಕಾಗದ.

ನಾನು ಲ್ಯಾಟಿನ್ ಕಲಿಯುತ್ತಿರುವುದು ನಿಮಗೆ ನಗು ತರಿಸಿರಬೇಕು. ಇಡೀ ಊರಿನ ಮಕ್ಕಳಿಗೆ ಅದನ್ನು ಕಲಿಸಿದ ಮೇಷ್ಟ್ರಿಗೆ ಮನೆಯ ಹುಡುಗಿಯೇ ಜಗ್ಗಿರಲಿಲ್ಲ. "ಕಲಿತು ಯಾರ ಜೊತೆ ಮಾತಾಡಲಿ?" ಎಂದು ಕೇಳಿದವಳು ನಾನು, "ಹಟಮಾರಿ" ಎಂದು ಹೆಸರಿಟ್ಟವರು ನೀವು. ಈಗ ಯಾರ ಜೊತೆ ಎಂದು ಗೊತ್ತಾಗಿದೆ. ಬಾಯಿಪಾಠ ಮಾಡಿದ್ದು ಕೆಲವರಲ್ಲಿ ಮಾತು ಹೋದ ಮೇಲೂ ಉಳಿದಿರುತ್ತದೆ, ಒಬ್ಬರು ಶುರು ಮಾಡಿದರೆ ಬಂದರೂ ಬರಬಹುದು ಎಂದು ಡಾಕ್ಟರಮ್ಮನೇ ಹೇಳಿದ್ದು. ಅವತ್ತೇ ವಾಚನಾಲಯದಿಂದ ಪುಸ್ತಕ ತಂದೆ. ಹೊಲಿಗೆ ಅಂಗಡಿಯಲ್ಲಿ ಮಷಿನ್ನಿಗೇ ಪಾಠ ಒಪ್ಪಿಸುತ್ತಾ ಒಬ್ಬರ ಕಿಟಕಿ ಪರದೆಯ ಅಂಚನ್ನು ಉಲ್ಟಾ ಹೊಲಿದು ಬೈಸಿಕೊಂಡೆ. ಕೂತು ಕಲಿತರೆ ಇದು ನಾನು ತಿಳಿದಷ್ಟು ದೂರದ ನೆಂಟನೇನಲ್ಲ. ಗೆಳೆಯ ಅಂದರೆ ಅಮೀಕುಸ್. ನಾವು ಗೆಳೆಯನನ್ನು, ಗೆಳೆಯನಿಗೆ, ಗೆಳೆಯನ ಎಂದು ಪದದ ಬಾಲ ಬದಲಾಯಿಸಿದ ಹಾಗೆ ಅವರೂ ಅಮೀಕುಮ್, ಅಮೀಕೋ, ಅಮೀಕೀ ಅನ್ನುತ್ತಾರೆ. ಕ್ರಿಯಾಪದಗಳೂ ಒಂದಿಷ್ಟು ಬಂದವು. ಡೋಕೆಯೋ ಅಂದರೆ ಕಲಿಸುತ್ತೇನೆ, ಡೋಕೇಬಾಮ್ ಅಂದರೆ ಕಲಿಸುತ್ತಿದ್ದೆ, ಡೋಕೇಬೋ ಅಂದರೆ ಕಲಿಸುವೆನು. ನಿಮ್ಮನ್ನು ವಿಚಾರಿಸಲು ಬರುವವರೆಲ್ಲ "ಎಷ್ಟು ಚೆನ್ನಾಗಿ ಪಾಠ ಮಾಡ್ತಿದ್ರು" ಎಂದು ಆ ನಡುವಿನದನ್ನೇ ಹಿಡಿದಿದ್ದಾರೆ. ಮೊನ್ನೆ ಪಕ್ಕದ ಮನೆಯಾಕೆ ಹಾಗಂದಾಗ ನನಗೆ ರೇಗಿಹೋಯಿತು. "ಇನ್ನೂ ಮಾಡ್ತಾರೆ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದೆ.

ಇನ್ನು ನಿನ್ನೆಯ ಭೇಟಿ. ನಾನು ಎದೆ ಗಟ್ಟಿ ಮಾಡಿಕೊಂಡು ನಿಮ್ಮ ಮಂಚದ ಪಕ್ಕ ಕೂತು ಅಮೀಕುಸ್ ಎಂದೆ. ನಿಮ್ಮ ಎಡಗೈ ಎದ್ದಿತು. ಕ್ಲಾಸಿನಲ್ಲಿ ಮೇಜಿನ ಅಂಚಿಗೆ ಬೆರಳಿನ ಗೆಣ್ಣಿನಿಂದ ತಟ್ಟುತ್ತಿದ್ದ ಹಾಗೆ ಮಂಚದ ಕಂಬಿಗೆ ತಟ್ಟಿದಿರಿ. ಅಮೀಕೀ ಎಂದು ಮುಂದುವರಿಸಿದೆ. ಕೈ ಅಲ್ಲೇ ನಿಂತಿತು. ಅಮೀಕೋ, ಅಮೀಕುಮ್ ಎನ್ನುವಷ್ಟರಲ್ಲಿ ನಿಮ್ಮ ಮುಖ ಕೆಂಪಾಗಿ ನೀವು ಗೋಡೆಯ ಕಡೆ ತಿರುಗಿಬಿಟ್ಟಿರಿ. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ನೋಡಿ ಏನೋ ಬರೆದುಕೊಂಡು ಹೋದರು. ಬಾಯಿಪಾಠವೂ ಅಳಿಸಿಹೋಗಿದೆ ಅಂದುಕೊಂಡು ನಾನು ಬಸ್ಸಿನಲ್ಲಿ ಊರವರ ಮುಂದೆಯೇ ಅತ್ತೆ.

ಇವತ್ತು ಬೆಳಿಗ್ಗೆ ಅಮ್ಮನ ಬಿ.ಪಿ. ಮಾತ್ರೆ ತರಲು ಹೋಗಿದ್ದೆ. ಔಷಧಿ ಅಂಗಡಿಯವನು ನಿಮ್ಮ ಹಳೇ ಶಿಷ್ಯ, ನೀವು "ಹಿಂದಿನ ಬೆಂಚಿನ ಮಹಾರಾಯ" ಎಂದು ಕರೆಯುತ್ತಿದ್ದಿರಲ್ಲ, ಅವನೇ. ನಿಮ್ಮ ಸಮಾಚಾರ ಕೇಳಿದ. ನಡೆದದ್ದು ಹೇಳಿ, ನಾನು ಒಪ್ಪಿಸಿದ ಪಾಠವನ್ನೂ ಒಪ್ಪಿಸಿದೆ. "ಅಯ್ಯೋ ಅಕ್ಕಾ, ಇದ್ಯಾವ ಸಾಲು? ಮೇಷ್ಟ್ರ ಕ್ಲಾಸಲ್ಲಿ ಹೀಗಂದಿದ್ರೆ ಬೆಂಚ್ ಮೇಲೆ ನಿಲ್ಲಿಸ್ತಿದ್ರು!" ಅಂದ. ಗಾಜಿನ ಕೌಂಟರಿಗೆ ಗೆಣ್ಣಿನಿಂದ ತಟ್ಟುತ್ತಾ ಆರೂ ರೂಪಗಳನ್ನು ಗಟ್ಟಿಯಾಗಿ ಹೇಳಿದ. ಕ್ಯೂನಲ್ಲಿದ್ದವರು ಇಬ್ಬರಿಗೂ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಒಂದೊಂದು ಪುಸ್ತಕದಲ್ಲಿ ಒಂದೊಂದು ಕ್ರಮವಂತೆ. ಗೆಳೆಯನನ್ನು ಕೂಗಿ ಕರೆಯುವ ರೂಪ ನನ್ನ ಪುಸ್ತಕದಲ್ಲಿ ಎಲ್ಲಕ್ಕಿಂತ ಕೊನೆಗಿದೆ, ನಿಮ್ಮ ಪಾಠದಲ್ಲಿ ಅದು ಎರಡನೆಯದು. "ಹೆಸರು ಗೊತ್ತಾದ ಮೇಲೆ ಮೊದಲು ಕರೀಬೇಕು ಕಣ್ರೋ, ಮಿಕ್ಕಿದ್ದೆಲ್ಲ ಆಮೇಲೆ" ಅನ್ನುತ್ತಿದ್ದಿರಂತೆ. ಆ ಎರಡನೆಯ ಪದವನ್ನು ಬೇಕೆಂದೇ ಇಲ್ಲಿ ಬರೆಯುತ್ತಿಲ್ಲ.

ಹಾಗಾದರೆ ನೀವು ಮರೆತಿರಲಿಲ್ಲ! ನಾನು ಸಾಲು ತಪ್ಪಿಸಿದೆ, ನಿಮಗೆ ಸಿಟ್ಟು ಬಂತು. ನಿಮ್ಮ ಸಿಟ್ಟಿಗೆ ನನಗೆ ಇಷ್ಟು ಖುಷಿಯಾದದ್ದು ಇದೇ ಮೊದಲು. ಅಂಗಡಿಯ ಮೆಟ್ಟಿಲ ಮೇಲೆ ನಿಂತೇ ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಆ ಎರಡನೆಯ ಪದವೊಂದನ್ನು ಬಿಟ್ಟು ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು, ಪಾಪ. ಆದರೆ "ನಾನು ಕಿವಿಯಾರೆ ಕೇಳಿದ್ದನ್ನ ಮಾತ್ರ ಬರೀಬಹುದಮ್ಮ, ಊಹೆ ಬರೆಯೋಕಾಗಲ್ಲ" ಎಂದರು. ಗುರುವಾರ ಮೊದಲ ಪದವನ್ನು ಸಿಸ್ಟರ್ ಹೇಳಬಹುದು ಎಂದು ಒಪ್ಪಿದ್ದಾರೆ.

ಅಮ್ಮ ಕಳಿಸಿರುವ ಹಸಿರು ಸ್ವೆಟರನ್ನು ಹಟ ಮಾಡದೆ ಹಾಕಿಸಿಕೊಳ್ಳಿ. ಮನೆಯಲ್ಲಿ ಹಟಕ್ಕೆ ನಾನೊಬ್ಬಳು ಸಾಕು. ಎಡಗೈಯಿಂದಲೇ ಆದರೂ ನನಗೊಂದು ಆಶೀರ್ವಾದ ಮಾಡಿ.

ನಿಮ್ಮ
ಹಟಮಾರಿ

ಮರೆತಿದ್ದೆ. ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ. ಇದು ಸಿಸ್ಟರ್‌ಗೆ. ಸಿಸ್ಟರ್, ಗುರುವಾರ ಡಾಕ್ಟರಮ್ಮ ಬಂದು ಕೂತ ಮೇಲೆ ಮಂಚದ ಕಂಬಿಗೆ ಗೆಣ್ಣಿನಿಂದ ಒಂದೇ ಸಲ ತಟ್ಟಿ ಅಮೀಕುಸ್ ಎನ್ನಿ. ಅಷ್ಟೇ ಸಾಕು. ಮುಂದಿನ ಪದ ನಿಮಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ, ಈ ಕಾಗದದಲ್ಲೂ ಇಲ್ಲ. ಆ ಕೋಣೆಯಲ್ಲಿ ಅದು ಗೊತ್ತಿರುವುದು ಅಪ್ಪನೊಬ್ಬರಿಗೇ. ಅವರ ತುಟಿ ಅಲುಗಾಡಿ ನಿಂತರೆ ಅಯ್ಯೋ ಪಾಪ ಎಂದು ನೀರು ಕುಡಿಸಲು ಹೋಗಬೇಡಿ, ಸಮಾಧಾನ ಹೇಳಬೇಡಿ, ಡಾಕ್ಟರಮ್ಮನನ್ನೂ ಏಳಲು ಬಿಡಬೇಡಿ. ಸುಮ್ಮನೆ ಕಾಯಿರಿ. ಅವರು ಕರೆಯುತ್ತಾರೆ.