ಬಿಚ್ಚದ ಬುತ್ತಿ

ಜೂನ್ ೧೪, ಭಾನುವಾರ

ಹೊಟ್ಟೆ ಚುರುಗುಟ್ಟುತ್ತಿದೆ. ಹಾಗೇ ಆಗಬೇಕು ನನಗೆ.

ಹಾಲು, ತುಪ್ಪ ಬಿಟ್ಟು ವರ್ಷವಾಯಿತು. ಅಮ್ಮ ಕಟ್ಟಿಕೊಟ್ಟ ಬುತ್ತಿಯಲ್ಲಿ ಎಂದಿನಂತೆ ತುಪ್ಪ ಇದ್ದೇ ಇರುತ್ತದೆಂದು, ಬಿಚ್ಚಿಯೂ ನೋಡದೆ ಬಸ್ಸಿನಲ್ಲಿ ಪಕ್ಕದ ಅಜ್ಜಿಗೆ ಕೊಟ್ಟುಬಿಟ್ಟೆ. "ನಿಮ್ಮಮ್ಮನ ಕೈಗೆ ಬಂಗಾರದ ಬಳೆ ತೊಡಿಸಬೇಕು ಮಗಾ," ಎಂದು ಆಕೆ ಬೆರಳು ನೆಕ್ಕಿದಳು. ನಾನು ಎರಡು ಬಾಳೆಹಣ್ಣು ತಿಂದು ಹಾಸ್ಟೆಲ್ ಸೇರಿದೆ.

ಈಗ ಅಮ್ಮನ ಫೋನ್ ಬಂತು. "ತುಪ್ಪದ ಬಾಣಲೆ ಮುಟ್ಟಲೇ ಇಲ್ಲ ಕಣೇ. ಹೊಸದು ತಂದು ಎಣ್ಣೇಲೇ ಮಾಡಿದೆ. ಮೂರು ಸಲ ಸೀದುಹೋಯ್ತು, ನಿಮ್ಮಪ್ಪ ನಕ್ಕಿದ್ದೇ ನಕ್ಕಿದ್ದು. ಹೊಟ್ಟೆ ತುಂಬ್ತಾ?"

"ತುಂಬ್ತು ಕಣಮ್ಮ."

"ಉಪ್ಪು ಸರಿ ಇತ್ತಾ?"

ಊರಿಗೆಲ್ಲ ಕಥೆ ಕಟ್ಟಿ ಹೇಳುವ ನಾನು, "ಸಿಗ್ನಲ್ ಇಲ್ಲಮ್ಮ" ಎಂದು ಫೋನ್ ಇಟ್ಟುಬಿಟ್ಟೆ. ರುಚಿ ಹೇಗಿತ್ತೆಂದು ಆ ಅಜ್ಜಿಯನ್ನಾದರೂ ಕೇಳಿಟ್ಟುಕೊಂಡಿದ್ದರೆ…